ಗೋಧಿ ತಿಂದರೆ ಕಣ್ಣಿಗೆ ಕುತ್ತೇ? ಕರುಳಿನಿಂದ ಕಣ್ಣಿನವರೆಗಿನ ನಂಟು

ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದ್ದವರಿಗೆ ಕಣ್ಣಿನ ರಕ್ತನಾಳ ಮುಚ್ಚಿಕೊಳ್ಳಬಹುದು ಎನ್ನುವ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಮೊಬೈಲಿನಿಂದ ಮೊಬೈಲಿಗೆ ದಾಟುವಾಗ ಅದರ ಅರ್ಧ ಭಾಗ ಉದುರಿಹೋಗುತ್ತದೆ. ಕೊನೆಗೆ ‘ಗೋಧಿ ತಿಂದರೆ ಕಣ್ಣು ಹೋಗುತ್ತದೆ’ ಎನ್ನುವಷ್ಟೇ ಉಳಿಯುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಸಿಗುತ್ತದೆ. ದಿನಾ ಚಪಾತಿ ಮಾಡುವ ಮನೆಯಲ್ಲಿ ಭಯ. ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ‘ಇದು ನಮ್ಮ ಕಾಯಿಲೆ ಅಲ್ಲ ಬಿಡು’ ಎನ್ನುವ ಮಾತು. ಎರಡೂ ದುಡುಕಿನ ತೀರ್ಮಾನಗಳೇ.

ನಂಟು ಇರಬಹುದು. ಆದರೆ ಅದು ತಟ್ಟೆಯಿಂದ ನೇರ ಕಣ್ಣಿಗೆ ಹೋಗುವುದಿಲ್ಲ. ನಡುವೆ ಕರುಳಿದೆ, ಕೆಲವು ವಿಟಮಿನ್‌ಗಳ ಕೊರತೆಯಿದೆ, ರಕ್ತದ ಗುಣ ಬದಲಾಗುವುದಿದೆ. ಈ ನಡುವಿನ ಕೊಂಡಿಗಳನ್ನು ಒಂದೊಂದಾಗಿ ನೋಡಿದರೆ ಯಾರು ಪರೀಕ್ಷೆ ಮಾಡಿಸಬೇಕು, ಯಾರು ಸುಮ್ನೆ ಹೆದರಬೇಕಿಲ್ಲ ಎಂಬುದು ತಿಳಿಯುತ್ತದೆ.

ಬಸಿಗಾಲುವೆ ಮುಚ್ಚಿದಾಗ

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎನ್ನುವ ತೆಳು ಪರದೆ ಇದೆ. ನಾವು ನೋಡುವುದೆಲ್ಲ ಮೂಡುವುದು ಅದರ ಮೇಲೆ. ಅದಕ್ಕೆ ರಕ್ತ ತರುವ ನಾಳ ಬೇರೆ, ಅಲ್ಲಿಂದ ರಕ್ತ ವಾಪಸ್ ಒಯ್ಯುವ ನಾಳ ಬೇರೆ. ವಾಪಸ್ ಒಯ್ಯುವ ನಾಳ ಮುಚ್ಚಿಕೊಂಡರೆ ಅದನ್ನು ವೈದ್ಯರು ರೆಟಿನಲ್ ವೇನ್ ಆಕ್ಲೂಷನ್ ಎನ್ನುತ್ತಾರೆ.

ಘಟಪ್ರಭಾ ಬಯಲಿನಲ್ಲಿ ಸವಳು ಜವಳಾದ ಹೊಲ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ತರುವ ಕಾಲುವೆ ತೆರೆದೇ ಇದೆ, ಬಸಿಗಾಲುವೆ ಕಟ್ಟಿದೆ. ನೀರು ಹೊಲದಲ್ಲೇ ನಿಂತು ಬೆಳೆಯ ಬೇರು ಕೊಳೆಯುತ್ತದೆ. ಕಣ್ಣಿನಲ್ಲೂ ಹೀಗೆಯೇ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಸಣ್ಣ ನಾಳಗಳಿಂದ ರಕ್ತ ಮತ್ತು ನೀರಿನಂಶ ಸೋರಿ ಪರದೆ ಊದುತ್ತದೆ. ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗುತ್ತದೆ. ನೋವಿರುವುದಿಲ್ಲ. ನೋವಿಲ್ಲದ ಕಾರಣಕ್ಕೇ ಜನ ‘ನಾಲ್ಕು ದಿನ ನೋಡೋಣ’ ಎಂದು ತಡ ಮಾಡುತ್ತಾರೆ.

ಇದು ತೀರಾ ಅಪರೂಪದ ತೊಂದರೆ ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸಾವಿರ ವಯಸ್ಕರಲ್ಲಿ ಸುಮಾರು 5 ಜನರಿಗೆ ಇದು ಇರುತ್ತದೆ. ಅದರಲ್ಲಿ ಹೆಚ್ಚಿನವು ಕವಲು ನಾಳ ಮುಚ್ಚಿದ ಪ್ರಕರಣಗಳು. ಮುಖ್ಯ ನಾಳವೇ ಮುಚ್ಚುವುದು ಕಡಿಮೆ, ಆದರೆ ಅದು ಹೆಚ್ಚು ಅಪಾಯದ್ದು.

ಬಹುಪಾಲು ರೋಗಿಗಳಲ್ಲಿ ಕಾರಣ ಎದುರಿಗೇ ಇರುತ್ತದೆ: ವಯಸ್ಸು, ಬಿಪಿ, ಶುಗರ್, ಕೊಬ್ಬು, ಕಣ್ಣಿನ ಒಳಗಿನ ಒತ್ತಡ. ರೆಟಿನಾದಲ್ಲಿ ಎರಡು ನಾಳಗಳು ಒಂದನ್ನೊಂದು ದಾಟುವ ಕಡೆ ಎರಡಕ್ಕೂ ಒಂದೇ ಹೊದಿಕೆ ಇರುತ್ತದೆ. ಬಿಪಿಯಿಂದ ಗಡುಸಾದ ನಾಳ ಪಕ್ಕದ ಮೆತ್ತಗಿನ ನಾಳವನ್ನು ಒತ್ತುತ್ತದೆ. ಅಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ. 60 ದಾಟಿದ ಬಿಪಿ ರೋಗಿಗೆ ಹೀಗಾದರೆ ಕಾರಣ ಹುಡುಕಿಕೊಂಡು ಚಪಾತಿಯವರೆಗೆ ಹೋಗಬೇಕಿಲ್ಲ.

ಒಗಟಾಗುವುದು ಮೂವತ್ತರ ಆಸುಪಾಸಿನವರು. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಸಿಗರೇಟಿಲ್ಲ. ಆದರೂ ನಾಳ ಮುಚ್ಚಿದೆ. ಸೀಲಿಯಾಕ್ ಹೆಸರು ಬರುವುದು ಇಲ್ಲಿ.

ಕರುಳಿನ ಒಳಗೋಡೆ ಸವೆದಾಗ

ಸೀಲಿಯಾಕ್ ಎಂದರೆ ಬರೀ ಅಜೀರ್ಣವಲ್ಲ, ಗೋಧಿ ಅಲರ್ಜಿಯೂ ಅಲ್ಲ. ಗೋಧಿ, ಬಾರ್ಲಿ ಮತ್ತು ರೈ ಎನ್ನುವ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಹಿಟ್ಟು ನಾದಿದಾಗ ಅಂಟು ಬರುವುದು ಅದರಿಂದಲೇ. ಕೆಲವರ ದೇಹ ಈ ಪ್ರೋಟೀನನ್ನು ಶತ್ರು ಎಂದು ತಿಳಿದು ದಾಳಿ ಮಾಡುತ್ತದೆ. ಆ ದಾಳಿಯಲ್ಲಿ ಪೆಟ್ಟಾಗುವುದು ಸ್ವಂತ ಕರುಳಿಗೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಟವೆಲಿನ ಎಳೆಗಳ ಹಾಗೆ ನಿಂತಿರುವ ರಚನೆಗಳಿವೆ. ಆಹಾರದ ಸಾರ ಹೀರುವುದು ಅವೇ. ಅವು ಸವೆದು ಚಪ್ಪಟೆಯಾಗುತ್ತವೆ.

ಇದಕ್ಕೆ ಗೋಧಿಯೇ ಕಾರಣ ಎಂದು ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ಡಿಗೂ ಗತಿ ಇರಲಿಲ್ಲ. ಆಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಸೊರಗಿದರು. ಗೋಧಿಯ ಮೇಲೆ ಡಿಕೆ ಅವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು.

ಬಹಳ ಕಾಲ ಇದನ್ನು ಬೇಧಿಯಾಗುವ, ಬೆಳೆಯದ ಮಕ್ಕಳ ಕಾಯಿಲೆ ಎಂದೇ ತಿಳಿಯಲಾಗಿತ್ತು. ಈಗ ಚಿತ್ರ ಬದಲಾಗಿದೆ. ಹೊಟ್ಟೆ ಸರಿಯಾಗಿಯೇ ಇದ್ದು, ಬರೀ ರಕ್ತ ಕಡಿಮೆ, ಮೂಳೆ ಸವೆತ, ಚರ್ಮದ ಗುಳ್ಳೆ, ಮಕ್ಕಳಾಗದಿರುವುದು ಇಂತಹ ತೊಂದರೆಗಳಲ್ಲೇ ಕಾಯಿಲೆ ಪತ್ತೆಯಾಗುವ ದೊಡ್ಡವರು ಬಹಳ ಜನ.

ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಕಣ್ಣಿಗೆ

ಸೀಲಿಯಾಕ್ ಹೆಚ್ಚು ಪೆಟ್ಟು ಕೊಡುವುದು ಸಣ್ಣ ಕರುಳಿನ ಮೊದಲ ಭಾಗಕ್ಕೆ. ಕಬ್ಬಿಣದ ಅಂಶ ಮತ್ತು ಫೋಲೇಟ್ ಎಂಬ ವಿಟಮಿನ್ ಮುಖ್ಯವಾಗಿ ದೇಹಕ್ಕೆ ಸೇರುವುದೂ ಅಲ್ಲಿಂದಲೇ. ಆ ಗೋಡೆ ಸವೆದರೆ ಎಷ್ಟು ಸೊಪ್ಪು ತಿಂದರೂ, ಎಷ್ಟು ಮಾತ್ರೆ ನುಂಗಿದರೂ ಸಾರ ಸರಿಯಾಗಿ ಒಳಗೆ ಹೋಗುವುದಿಲ್ಲ. ಕಬ್ಬಿಣ ಕಡಿಮೆಯಾದರೆ ರಕ್ತ ಕಡಿಮೆಯಾಗುತ್ತದೆ. ಫೋಲೇಟ್ ಕಡಿಮೆಯಾದರೆ ಇನ್ನೊಂದು ತೊಂದರೆ ಶುರುವಾಗುತ್ತದೆ.

ನಾವು ತಿನ್ನುವ ಪ್ರೋಟೀನು ದೇಹದಲ್ಲಿ ಬಳಕೆಯಾಗುವಾಗ ಹೋಮೋಸಿಸ್ಟೀನ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ಕೂಡಲೇ ಬೇರೆ ರೂಪಕ್ಕೆ ತಿರುಗಿಸಬೇಕು. ಆ ಕೆಲಸಕ್ಕೆ ಫೋಲೇಟ್, ಬಿ12, ಬಿ6 ಬೇಕು. ಇವು ಸಾಲದಿದ್ದರೆ ಹೋಮೋಸಿಸ್ಟೀನ್ ರಕ್ತದಲ್ಲಿ ಉಳಿದು ಏರುತ್ತದೆ. ಸಾಮಾನ್ಯವಾಗಿ ಲ್ಯಾಬ್ ವರದಿಯಲ್ಲಿ 5ರಿಂದ 15ರ ನಡುವೆ ಇದ್ದರೆ ಸರಿ ಎನ್ನುತ್ತಾರೆ. ಜಾಸ್ತಿಯಾದಾಗ ಅದು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ. ಕೆಟ್ಟ ಪದರದ ಮೇಲೆ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ರೆಟಿನಾದ ನಾಳ ಮುಚ್ಚಿದವರಲ್ಲಿ ಹೋಮೋಸಿಸ್ಟೀನ್ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ದಾರಿ ಇದೊಂದೇ ಅಲ್ಲ. ಸೀಲಿಯಾಕ್ ಇರುವ ಕೆಲವರಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಏರಬಹುದು. ಕೆಲವರ ರಕ್ತದಲ್ಲಿ ಹೆಪ್ಪುಗಟ್ಟುವಿಕೆಗೆ ದಾರಿ ಮಾಡುವ ಪ್ರತಿಕಾಯಗಳು, ಅಂದರೆ ದೇಹ ಶತ್ರುವಿನ ವಿರುದ್ಧ ತಯಾರಿಸುವ ಪ್ರೋಟೀನುಗಳು, ಇರುತ್ತವೆ. ವಿಟಮಿನ್ ಕೆ ಹೀರಿಕೆ ಕಡಿಮೆಯಾದರೆ ರಕ್ತವನ್ನು ತೆಳುವಾಗಿಡುವ ಪ್ರೋಟೀನುಗಳೂ ಕಡಿಮೆಯಾಗುತ್ತವೆ. ಆದರೆ ಅದೇ ಕೊರತೆ ಉಲ್ಟಾ ರಕ್ತಸ್ರಾವಕ್ಕೂ ಕಾರಣವಾಗುತ್ತದೆ. ಹಾಗಾಗಿ ಈ ಕೊನೆಯ ವಾದ ಅಷ್ಟು ಗಟ್ಟಿಯಲ್ಲ. ಎಲ್ಲಕ್ಕಿಂತ ನೇರವಾಗಿ ಹೊಂದುವುದು ಫೋಲೇಟ್ ಮತ್ತು ಹೋಮೋಸಿಸ್ಟೀನ್ ದಾರಿಯೇ.

ಸ್ವೀಡನ್‌ನಲ್ಲಿ ಸುಮಾರು 14 ಸಾವಿರ ಸೀಲಿಯಾಕ್ ರೋಗಿಗಳ ದಾಖಲೆ ನೋಡಿ 2007ರಲ್ಲಿ ಒಂದು ಅಧ್ಯಯನ ಬಂತು. ಕಾಲಿನ ನಾಳ, ಶ್ವಾಸಕೋಶ ಮುಂತಾದ ಕಡೆ ರಕ್ತ ಹೆಪ್ಪುಗಟ್ಟುವ ಅಪಾಯ ಅವರಲ್ಲಿ ಬೇರೆಯವರಿಗಿಂತ ಜಾಸ್ತಿ, ಎರಡು ಪಟ್ಟಿಗೆ ಸ್ವಲ್ಪ ಕಡಿಮೆ ಎಂದು ಅದು ಹೇಳಿತು. ಕಾಲಿನಲ್ಲಿ ಆಗಬಹುದಾದರೆ ಕಣ್ಣಿನಲ್ಲಿ ಏಕಾಗಬಾರದು? ಕೇಳಬೇಕಾದ ಪ್ರಶ್ನೆಯೇ. ಬೇರೆ ಬೇರೆ ದೇಶಗಳ ವೈದ್ಯ ಪತ್ರಿಕೆಗಳಲ್ಲಿ ಬಿಡಿ ವರದಿಗಳೂ ಬಂದಿವೆ. ಚಿಕ್ಕ ವಯಸ್ಸಿನ ರೋಗಿ, ಕಣ್ಣಿನ ನಾಳ ಮುಚ್ಚಿದೆ. ಹುಡುಕಿದರೆ ಹೋಮೋಸಿಸ್ಟೀನ್ ಹೆಚ್ಚು. ಅದು ಏಕೆ ಹೆಚ್ಚು ಎಂದು ಹುಡುಕಿದರೆ ಸೀಲಿಯಾಕ್.

ಒಪ್ಪದವರು ಹೇಳುವುದೇನು

ಇಷ್ಟಕ್ಕೇ ಸಾಬೀತಾಯಿತು ಎನ್ನಲು ಹಲವು ವೈದ್ಯರು ಒಪ್ಪುವುದಿಲ್ಲ. ಅವರ ಮೊದಲ ವಾದ ಕಾಕತಾಳೀಯದ್ದು. ಒಂದು ಲೆಕ್ಕ ಹಾಕೋಣ. 10 ಲಕ್ಷ ವಯಸ್ಕರಿದ್ದಾರೆ. ಸಾವಿರಕ್ಕೆ 5ರಂತೆ 5 ಸಾವಿರ ಜನರಿಗೆ ಕಣ್ಣಿನ ನಾಳ ಮುಚ್ಚಿದೆ. ಅದೇ ಜನರಲ್ಲಿ ನೂರಕ್ಕೆ ಒಬ್ಬರಿಗೆ ಸೀಲಿಯಾಕ್ ಇದೆ ಎಂದುಕೊಳ್ಳಿ. ಒಂದಕ್ಕೊಂದು ಯಾವ ಸಂಬಂಧ ಇಲ್ಲದಿದ್ದರೂ ಸುಮಾರು 50 ಜನರಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಅವರಲ್ಲಿ ನಾಲ್ಕೈದು ಜನರ ಬಗ್ಗೆ ವೈದ್ಯರು ಬರೆದರೆ ಓದುವವರಿಗೆ ನಂಟು ಇದ್ದಂತೆಯೇ ಕಾಣುತ್ತದೆ. ಎರಡೂ ಇಲ್ಲದವರ ಬಗ್ಗೆ, ಒಂದೇ ಇರುವವರ ಬಗ್ಗೆ ಯಾರೂ ವರದಿ ಬರೆಯುವುದಿಲ್ಲ, ಅಲ್ವಾ?

ಎರಡನೇ ವಾದ ನಮ್ಮ ಭಾಗಕ್ಕೆ ಇನ್ನೂ ಹತ್ತಿರದ್ದು. ಹೋಮೋಸಿಸ್ಟೀನ್ ಏರಲು ಸೀಲಿಯಾಕ್ ಬೇಕೆಂದೇ ಇಲ್ಲ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಮೊಟ್ಟೆಯನ್ನೂ ಮುಟ್ಟದ ಮನೆಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಸಾಕಷ್ಟಿವೆ. ಹಾಲು ಮೊಸರು ಕಡಿಮೆಯಾದರೆ ಅಂತಹ ಮನೆಯಲ್ಲಿ ಬಿ12 ಬೇಗ ಇಳಿಯುತ್ತದೆ, ಹೋಮೋಸಿಸ್ಟೀನ್ ಏರುತ್ತದೆ. ಆದ್ದರಿಂದ ವರದಿಯಲ್ಲಿ ಹೋಮೋಸಿಸ್ಟೀನ್ ಜಾಸ್ತಿ ಬಂದ ಕೂಡಲೇ ಗೋಧಿಯ ಕಡೆ ಬೆರಳು ತೋರಿಸಲಾಗದು.

ಮೂರನೆಯದು ಸೂಕ್ಷ್ಮವಾದದ್ದು. ಹೋಮೋಸಿಸ್ಟೀನ್ ಇಳಿಸಿದರೆ ಹೃದಯಾಘಾತ ತಪ್ಪಬಹುದೇ ಎಂದು ನೋಡಲು ಸಾವಿರಾರು ರೋಗಿಗಳಿಗೆ ಫೋಲಿಕ್ ಆಮ್ಲ, ಬಿ12 ಮಾತ್ರೆ ಕೊಟ್ಟು ಪ್ರಯೋಗ ನಡೆಸಲಾಯಿತು. 2006ರಲ್ಲಿ ಅವುಗಳ ಫಲಿತಾಂಶ ಬಂತು. ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಅಂದರೆ ಹೋಮೋಸಿಸ್ಟೀನ್ ಬೆಂಕಿಯೇ ಅಥವಾ ಬರೀ ಹೊಗೆಯೇ ಎಂಬುದು ಇನ್ನೂ ಚರ್ಚೆಯಲ್ಲಿದೆ.

ನಾಲ್ಕನೆಯದನ್ನೂ ಸೇರಿಸಬೇಕು. ಚಿಕ್ಕ ವಯಸ್ಸಿನ ಭಾರತೀಯರಲ್ಲಿ ರೆಟಿನಾದ ರಕ್ತನಾಳ ಕೆಟ್ಟರೆ ಮೊದಲು ನೆನಪಾಗಬೇಕಾದ ಬೇರೆ ಕಾಯಿಲೆಗಳಿವೆ. 1880ರಲ್ಲಿ ಬ್ರಿಟಿಷ್ ವೈದ್ಯ ಹೆನ್ರಿ ಈಲ್ಸ್ ವಿವರಿಸಿದ ಈಲ್ಸ್ ಕಾಯಿಲೆ ನಮ್ಮ ದೇಶದ ಯುವಕರಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಕ್ಷಯಕ್ಕೂ ನಂಟಿದೆ ಎಂಬ ಚರ್ಚೆ ಹಳೆಯದು. ಕ್ಷಯದ ಪರೀಕ್ಷೆ ಬಿಟ್ಟು ಸೀಲಿಯಾಕ್ ಹಿಂದೆ ಓಡುವುದು ತಪ್ಪು ದಾರಿ.

ಈ ಆಕ್ಷೇಪಗಳೆಲ್ಲ ನ್ಯಾಯವಾದವು. ಆದರೂ ಅವು ನಂಟನ್ನು ಅಳಿಸಿಹಾಕುವುದಿಲ್ಲ, ಅದರ ಮಿತಿ ಗುರುತಿಸುತ್ತವೆ. ಕರುಳು ಕೆಟ್ಟು ಫೋಲೇಟ್ ಇಳಿಯುವುದು ಸಾಬೀತಾದ ವಿಷಯ. ಫೋಲೇಟ್ ಇಳಿದು ಹೋಮೋಸಿಸ್ಟೀನ್ ಏರುವುದೂ ಸಾಬೀತಾದದ್ದೇ. ಅದರಿಂದಲೇ ಕಣ್ಣಿನ ನಾಳ ಮುಚ್ಚಿತು ಎನ್ನುವ ಕೊನೆಯ ಕೊಂಡಿ ಮಾತ್ರ ಸಡಿಲವಾಗಿದೆ.

ಜೋಳದ ನಾಡಿಗೆ ಇದು ಏಕೆ ಸಂಬಂಧಿಸಿದ್ದು

ಸೀಲಿಯಾಕ್ ಉತ್ತರ ಭಾರತದ ಕಾಯಿಲೆ ಎನ್ನುವ ಮಾತಿಗೆ ಆಧಾರವಿದೆ. ದೆಹಲಿಯ ಏಮ್ಸ್‌ನ ವೈದ್ಯರು ಸೇರಿದ್ದ ತಂಡವೊಂದು ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿತು. ಸೀಲಿಯಾಕ್ ಪ್ರತಿಕಾಯ ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ ಕಂಡಿತು. ದಕ್ಷಿಣದಲ್ಲಿ ನೂರಕ್ಕೆ 0.10 ಮಾತ್ರ.

ಆ ವರದಿಯಲ್ಲಿ ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಈ ಕಾಯಿಲೆಗೆ ದಾರಿ ಮಾಡುವ ಜೀನ್‌ಗಳು ಎಷ್ಟು ಜನರಲ್ಲಿವೆ ಎಂದು ನೋಡಿದಾಗ ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ ನೂರಕ್ಕೆ 36. ಹೆಚ್ಚುಕಡಿಮೆ ಒಂದೇ. ದೊಡ್ಡ ವ್ಯತ್ಯಾಸ ಇದ್ದದ್ದು ಊಟದಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಅಂದರೆ ದಕ್ಷಿಣದವರನ್ನು ಕಾಪಾಡಿರುವುದು ಜೀನ್ ಅಲ್ಲ, ತಟ್ಟೆ ಎಂದು ಊಹಿಸಬಹುದು.

25 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಚಪಾತಿಯ ಹಿಟ್ಟು. ಈಗ ನಮ್ಮ ಮೂರು ಜಿಲ್ಲೆಗಳ ಒಂದು ದಿನದ ಊಟ ನೋಡಿ. ಬೆಳಿಗ್ಗೆ ರವೆಯ ಉಪ್ಪಿಟ್ಟು, ಮಕ್ಕಳ ಡಬ್ಬಿಗೆ ಚಪಾತಿ, ಚಹಾದ ಜೊತೆ ಬಿಸ್ಕತ್ತು, ಬೇಕರಿಯ ಪಾವ್. ಹಬ್ಬಕ್ಕೆ ಹೋಳಿಗೆ, ಮಾದಲಿ, ಗೋಧಿ ಹುಗ್ಗಿ. ಜೋಳದ ರೊಟ್ಟಿ ಎಣ್ಣೆಗಾಯಿ ಇಂದಿಗೂ ಇದೆ, ಆದರೆ ಮೊದಲಿನ ಹಾಗೆ ಮೂರು ಹೊತ್ತೂ ಅದೇ ಅಲ್ಲ. ರೊಟ್ಟಿ ಬಡಿಯಲು ರಟ್ಟೆಯ ಶಕ್ತಿ ಮತ್ತು ಹೊತ್ತು ಎರಡೂ ಬೇಕು. ಪಟ್ಟಣದ ಮನೆಗಳಲ್ಲಿ ಆ ಜಾಗಕ್ಕೆ ಚಪಾತಿ ಬಂದಿದೆ. ನಾವು ಅನ್ನದ ದಕ್ಷಿಣಕ್ಕೂ ಗೋಧಿಯ ಉತ್ತರಕ್ಕೂ ನಡುವೆ ಇದ್ದೇವೆ. ಹಾಗಾಗಿ ದಕ್ಷಿಣದ ಅಂಕಿಯನ್ನು ಎತ್ತಿ ತಂದು ‘ನಮ್ಮಲ್ಲಿ ಇಲ್ಲ’ ಎನ್ನುವುದು ಸರಿಯಲ್ಲ.

ಕಾಯಿಲೆ ಅಪರೂಪ ಎಂದು ನಂಬಿದ ಕಡೆ ಯಾರೂ ಅದನ್ನು ಹುಡುಕುವುದಿಲ್ಲ. ಹುಡುಕದಿದ್ದರೆ ಅದು ಸಿಗುವುದೂ ಇಲ್ಲ, ಅಪರೂಪವಾಗಿಯೇ ಉಳಿಯುತ್ತದೆ.

ಪರೀಕ್ಷೆ ಯಾರಿಗೆ

ಕಣ್ಣಿನ ನಾಳ ಮುಚ್ಚಿದ ಎಲ್ಲರಿಗೂ ಸೀಲಿಯಾಕ್ ಪರೀಕ್ಷೆ ಬೇಡ. ಅದರಿಂದ ಖರ್ಚು ಜಾಸ್ತಿ, ಲಾಭ ಕಡಿಮೆ. ಆದರೆ ಕೆಲವು ಸುಳಿವುಗಳು ಒಟ್ಟಾದಾಗ ಕೇಳುವುದು ಒಳ್ಳೆಯದು. ರೋಗಿಗೆ 50 ದಾಟಿಲ್ಲ. ಬಿಪಿ, ಶುಗರ್, ಕ್ಷಯ ಯಾವುದೂ ಸಿಕ್ಕಿಲ್ಲ. ಹೋಮೋಸಿಸ್ಟೀನ್ ಜಾಸ್ತಿ, ಫೋಲೇಟ್ ಕಡಿಮೆ. ಜೊತೆಗೆ ವರ್ಷಗಟ್ಟಲೆ ‘ರಕ್ತ ಕಡಿಮೆ’ ಎಂದು ಕಬ್ಬಿಣದ ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರುತ್ತಿಲ್ಲ. ಈ ಕೊನೆಯ ಸುಳಿವು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಎಷ್ಟು ಸಾಮಾನ್ಯ ಎಂದರೆ, ಮಾತ್ರೆ ಏಕೆ ಕೆಲಸ ಮಾಡುತ್ತಿಲ್ಲ ಎಂದು ಯಾರೂ ಕೇಳುವುದೇ ಇಲ್ಲ. ಮಾತ್ರೆ ಸರಿಯಾಗಿ ತಿನ್ನುತ್ತಿಲ್ಲ ಎಂದು ಅವರನ್ನೇ ಬೈಯುವುದುಂಟು. ತಪ್ಪು ಕರುಳಿನದ್ದಿರಬಹುದು.

ಮೊದಲ ಪರೀಕ್ಷೆ ಸರಳ. ಸೀಲಿಯಾಕ್ ಪ್ರತಿಕಾಯ ಹುಡುಕುವ ಟಿಟಿಜಿ ಐಜಿಎ ಎಂಬ ರಕ್ತ ಪರೀಕ್ಷೆ, ಜೊತೆಗೆ ಒಟ್ಟು ಐಜಿಎ ಅಳೆಯುವ ಪರೀಕ್ಷೆ. ಐಜಿಎ ಎಂದರೆ ಪ್ರತಿಕಾಯಗಳ ಒಂದು ಬಗೆ. ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇದ್ದು ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ, ಅದಕ್ಕೆ ಎರಡೂ ಬೇಕು. ರಕ್ತದಲ್ಲಿ ಕಾಯಿಲೆಯ ಸುಳಿವು ಸಿಕ್ಕರೆ ದುರ್ಬೀನಿನ ಮೂಲಕ ಸಣ್ಣ ಕರುಳಿನ ತುಣುಕು ತೆಗೆದು ನೋಡುತ್ತಾರೆ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ಕಣ್ಣಿನ ವಿಭಾಗದಿಂದ ಹೊಟ್ಟೆಯ ವಿಭಾಗಕ್ಕೆ ಒಂದು ಚೀಟಿ ಹೋಗಬೇಕು, ಅಷ್ಟೇ.

ಮುಂಚೆಯೇ ಗೋಧಿ ಬಿಟ್ಟರೆ

ಸುದ್ದಿ ಓದಿ ಹೆದರಿದವರು ಮೊದಲು ಮಾಡುವುದು ಚಪಾತಿ ಬಿಡುವುದು. ತಿಂಗಳೆರಡು ತಿಂಗಳ ನಂತರ ಪರೀಕ್ಷೆಗೆ ಹೋಗುತ್ತಾರೆ. ಅಷ್ಟರಲ್ಲಿ ಕರುಳು ಮಾಯಲು ಶುರುವಾಗಿರುತ್ತದೆ, ಪ್ರತಿಕಾಯ ಇಳಿದಿರುತ್ತದೆ. ಕಾಯಿಲೆ ಇದ್ದರೂ ವರದಿಯಲ್ಲಿ ‘ಇಲ್ಲ’ ಎಂದು ಬರಬಹುದು. ಮತ್ತೆ ಸರಿಯಾಗಿ ಪರೀಕ್ಷಿಸಬೇಕೆಂದರೆ ಕನಿಷ್ಠ ಆರು ವಾರ ದಿನಾ ಗೋಧಿ ತಿಂದು ಬರಬೇಕಾಗುತ್ತದೆ. ಆದ್ದರಿಂದ ಮೊದಲು ರಕ್ತ ಕೊಡಿ, ಗೋಧಿಯ ವಿಷಯ ಆಮೇಲೆ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿನದು. ಊದಿದ ಪರದೆಗೆ ಇವತ್ತಿನ ಮುಖ್ಯ ಚಿಕಿತ್ಸೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಕೆಲವರಿಗೆ ಲೇಸರ್. ಮುಚ್ಚಿದ ನಾಳವನ್ನು ಪಥ್ಯ ತೆರೆಯುವುದಿಲ್ಲ. ಗೋಧಿ ಬಿಟ್ಟು ಕರುಳು ಪೂರ್ತಿ ಮಾಯಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಕಣ್ಣು ಅಷ್ಟು ಕಾಯುವುದಿಲ್ಲ. ಬಿಪಿ, ಶುಗರ್ ಇದ್ದವರು ‘ಕಾರಣ ಗೋಧಿಯಂತೆ’ ಎಂದು ಮಾತ್ರೆ ನಿಲ್ಲಿಸಿದರಂತೂ ಇನ್ನೊಂದು ಕಣ್ಣನ್ನೂ ಒತ್ತೆ ಇಟ್ಟಂತೆ.

ಗಿರಣಿಯ ಲೆಕ್ಕ

ಕಾಯಿಲೆ ಖಚಿತವಾದವರಿಗೆ ನಮ್ಮ ನಾಡಿನಷ್ಟು ಅನುಕೂಲದ ಜಾಗ ಬೇರೆ ಸಿಗುವುದು ಕಷ್ಟ. ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಊಟ ಪೂರ್ಣ. ದುಬಾರಿ ‘ಗ್ಲುಟೆನ್ ಫ್ರೀ’ ಪ್ಯಾಕೆಟ್ ಕೊಳ್ಳಲೇಬೇಕೆಂದಿಲ್ಲ. ಆದರೆ ಖಪ್ಲಿ ಗೋಧಿಯ ಬಗ್ಗೆ ತಪ್ಪು ಕಲ್ಪನೆ ಬೇಡ. ಹಳೆಯ ತಳಿ, ಒಳ್ಳೆಯ ತಳಿ ಎಂದು ಅದಕ್ಕೆ ಹೆಸರಿದ್ದರೂ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಒಗ್ಗರಣೆಯ ಇಂಗಿನ ಡಬ್ಬಿಯನ್ನೂ ಓದಿ ನೋಡಬೇಕು. ಅಂಗಡಿಯ ಇಂಗಿನ ಪುಡಿಗೆ ಅನೇಕ ವೇಳೆ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ನಿಜವಾದ ತೊಡಕು ಗಿರಣಿಯಲ್ಲಿದೆ. ನಮ್ಮ ದೇಶದ ಆಹಾರ ನಿಯಮದಂತೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ಇಲ್ಲದ ಆಹಾರ ಎನ್ನುವಂತಿಲ್ಲ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಗ್ಲುಟೆನ್. ಹಾಗೆಂದರೆ ಒಂದು ಕಿಲೋ ಜೋಳದ ಹಿಟ್ಟಿಗೆ ಒಂದು ಚಿಟಿಕೆ ಗೋಧಿ ಹಿಟ್ಟು ಸೇರಿದರೂ ಮಿತಿ ದಾಟುತ್ತದೆ. ನಮಗಿಂತ ಮೊದಲು ಬಂದವರು ಗೋಧಿ ಬೀಸಿಸಿಕೊಂಡು ಹೋದ ಮೇಲೆ ಅದೇ ಕಲ್ಲಿಗೆ ನಮ್ಮ ಜೋಳ ಸುರಿದರೆ ಚಿಟಿಕೆಯಲ್ಲ, ಹಿಡಿ ಹಿಟ್ಟೇ ಬೆರೆಯುತ್ತದೆ. ಸೀಲಿಯಾಕ್ ಇರುವವರ ಮನೆಯವರು ಜೋಳ ಮಾತ್ರ ಬೀಸುವ ಗಿರಣಿ ಹುಡುಕಬೇಕು. ಸಿಗದಿದ್ದರೆ ಮನೆಯಲ್ಲೇ ಬೇರೆ ಬೀಸುಕಲ್ಲು ಅಥವಾ ಸಣ್ಣ ಹಿಟ್ಟಿನ ಯಂತ್ರ ಇಟ್ಟುಕೊಳ್ಳಬೇಕು. ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆ, ಬೇಯಿಸುವ ಹಂಚು ಬೇರೆಯೇ ಇರಲಿ. ಚಪಾತಿ ಲಟ್ಟಿಸಿದ ಮಣೆಯ ಹಿಟ್ಟು ಅದಕ್ಕೆ ತಾಗಬಾರದು.